ಬಂಗಲೆ ಗೋಡೆಯ ಮೇಲಿನ ಮನುಷ್ಯ

ಉಜ್ಜನಪ್ಪ ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲ ಮೇಲಿಟ್ಟುಕೊಂಡು ಶಿವಮೊಗ್ಗದ ಗಾಂಧಿ ಬಜಾರಿಗೆ ಇಳಿದನೆಂದರೆ ಅಂಗಡಿಯವರೆಲ್ಲ ತಕ್ಕಡಿ ಕೆಳಗಿಟ್ಟು ಕೇಳುತ್ತಿದ್ದುದು ಒಂದೇ ಮಾತು, ಯಾರ ಮನೇಲಿ ಅಂತ. ಎಲ್ಲಿಗೆ ಹೊರಟೆ, ಊಟ ಆಯಿತಾ, ಮೈ ಹುಷಾರಾಗಿದೆಯಾ ಎಂದು ಕೇಳಿದವರಿಲ್ಲ. ಅವನು ಸತ್ತವರ ಹೆಸರು ಹೇಳುತ್ತಿದ್ದ. ಕೇಳಿದವರು ಲೊಚಗುಟ್ಟಿ, ಅವನು ದಾಟಿ ಹೋಗುವವರೆಗೆ ಒಂದು ಹೆಜ್ಜೆ ಒಳಗೆ ಸರಿದು ನಿಲ್ಲುತ್ತಿದ್ದರು.

ಅವನು ಫೋಟೋ ತೆಗೆಯುವವನು. ಬಜಾರಿನ ಒಂದು ಬಟ್ಟೆ ಅಂಗಡಿಯ ಮೇಲೆ, ಕಡಿದಾದ ಮರದ ಮೆಟ್ಟಿಲು ಹತ್ತಿದರೆ ಅವನ ಸ್ಟುಡಿಯೋ. ಆದರೆ ಕೆಲಸವೆಲ್ಲ ನಡೆಯುತ್ತಿದ್ದುದು ಸಾವಿನ ಮನೆಗಳಲ್ಲಿ. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ. ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಪದ್ಮಾಸನದಲ್ಲಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬದುಕಿದ್ದಷ್ಟು ದಿನ ಆ ಮನುಷ್ಯನ ಒಂದು ಫೋಟೋ ತೆಗೆಸಲು ಪುರಸೊತ್ತಿಲ್ಲದಿದ್ದ ಮನೆಯವರಿಗೆ ಆಗ ಥಟ್ಟನೆ ನೆನಪಾಗುತ್ತದೆ, ಗೋಡೆಗೆ ಹಾಕಲು ಒಂದು ಪಟ ಇಲ್ಲವಲ್ಲ ಎಂದು. ಸರಿ, ಓಡು ಉಜ್ಜನಪ್ಪನ ಹತ್ತಿರ. ಅವನು ಬಂದು, ಮಕ್ಕಳು ಮೊಮ್ಮಕ್ಕಳನ್ನು ಎರಡೂ ಕಡೆ ಕೂರಿಸಿ, ನಡುವೆ ಹಿರಿಯರನ್ನಿಟ್ಟು, ಒಂದು ಫೋಟೋ ತೆಗೆದು ಕೊಡುತ್ತಿದ್ದ.

ಅವನೇನೂ ಇದನ್ನು ಬಯಸಿ ಹಿಡಿದವನಲ್ಲ. ಕಸುಬು ಶುರು ಮಾಡಿದ ಹೊಸದರಲ್ಲಿ ಅಡಿಕೆ ಮಂಡಿಯ ಸಾಹುಕಾರರೊಬ್ಬರು ತೀರಿಕೊಂಡರು. ಬೇರೆ ಯಾರೂ ಸಿಗದೆ ಇವನನ್ನು ಕರೆದರು. ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ, ನೋಡಿದವರೆಲ್ಲ ಈಗ ಎದ್ದು ಮಾತಾಡಿಸುವ ಹಾಗಿದ್ದಾರೆ ಎಂದರು. ಆ ಹೊಗಳಿಕೆಯೇ ಉಜ್ಜನಪ್ಪನ ಕುತ್ತಿಗೆಗೆ ಬಂತು. ಮುಂದೆ ಯಾರು ಸತ್ತರೂ ಅವನೇ ಬೇಕಾಯಿತು. ಸಾವಿನ ಮನೆಗೆ ಹೋಗುವ ಕ್ಯಾಮೆರಾ ಡಬ್ಬವನ್ನು ಮದುವೆ ಮನೆಗೆ ಯಾರು ಕರೆಯುತ್ತಾರೆ? ಒಂದು ಮದುವೆ ತಪ್ಪಿತು, ಎರಡು ತಪ್ಪಿತು, ಆಮೇಲೆ ಮದುವೆಗಳೇ ನಿಂತುಹೋದವು. ಅವನ ಕ್ಯಾಮೆರಾದ ಮುಂದೆ ನಿಂತರೆ ಆಯುಸ್ಸು ಕಡಿಮೆ ಎಂಬ ಮಾತು ಹುಟ್ಟಿಕೊಂಡಿತು. ಹೆಣ ಕೂರಿಸಿಕೊಂಡು ಕರೆಯುವಾಗ ಇಲ್ಲದ ಅಂಜಿಕೆ ಈ ಊರಿನವರಿಗೆ ಬೇರೆ ಹೊತ್ತಿನಲ್ಲಿ ಎಲ್ಲಿಂದ ಬರುತ್ತಿತ್ತೋ ಕಾಣೆ.

ಅವನಿಗೆ ಹೆಣ್ಣೂ ಸಿಗಲಿಲ್ಲ. ತಾಯಿ ಇರುವ ತನಕ ಮನೆಯೊಂದಿತ್ತು. ಅವರು ಹೋದ ಮೇಲೆ ಸ್ಟುಡಿಯೋದ ಹಿಂದಿನ ಕೋಣೆಯಲ್ಲೇ ಒಂದು ಸ್ಟೌ, ಒಂದು ಚಾಪೆ. ರೊಟ್ಟಿ ತಟ್ಟಲು ಬಾರದೆ ಅನ್ನ ಮಾಡಿಕೊಳ್ಳುತ್ತಿದ್ದ, ಎರಡು ಹೊತ್ತಿಗೂ ಅದೇ ಅನ್ನ. ಊರಿನ ಎಷ್ಟೋ ಮನೆಗಳ ನಡುಮನೆಯಲ್ಲಿ ಅವನು ತೆಗೆದ ಫೋಟೋಗೆ ದಿನವೂ ಊದುಬತ್ತಿ ಬೆಳಗುತ್ತಿತ್ತು. ಆ ಮನೆಗಳಲ್ಲಿ ಒಂದರಲ್ಲೂ ಅವನಿಗೆ ಕೂತು ಒಂದು ಲೋಟ ಕಾಫಿ ಕುಡಿದ ನೆನಪಿರಲಿಲ್ಲ. ಅವನಿಗೆ ಬೇಕಾಗಿದ್ದುದು ಹೆಚ್ಚೇನಲ್ಲ. ಬದುಕಿರುವ ನಾಲ್ಕು ಜನ ತಾವಾಗಿಯೇ ಬಂದು ತನ್ನ ಕ್ಯಾಮೆರಾದ ಮುಂದೆ ನಗುತ್ತ ನಿಲ್ಲಬೇಕು, ಅಂಥ ಒಂದು ಫೋಟೋ ತಾನು ತೆಗೆಯಬೇಕು. ಅಷ್ಟೇ.

ಆ ಅವಕಾಶ ಬಂದದ್ದು ಪ್ರವಾಸಿ ಬಂಗಲೆಯ ದೆಸೆಯಿಂದ. ಐವತ್ತೆಂಟನೇ ಇಸವಿ ಇರಬೇಕು, ವೆಂಕಟಾಚಲ ಎಂಬ ಅಧಿಕಾರಿ ಕೋಲಾರದ ಕಡೆಯಿಂದ ವರ್ಗವಾಗಿ ಬಂದರು. ಜೋಗ ನೋಡಲು ಹೊರಟ ದೊಡ್ಡ ಮನುಷ್ಯರು ಶಿವಮೊಗ್ಗದ ಬಂಗಲೆಯಲ್ಲಿ ತಂಗುತ್ತಾರೆ, ಬೆಳಗಾಗುತ್ತಲೇ ಕಾರು ಹತ್ತಿಬಿಡುತ್ತಾರೆ, ಈ ಕಡೆಯೂ ನೋಡುವಂಥದ್ದು ಇದೆ ಎಂದು ಅವರಿಗೆ ಹೇಳುವವರೇ ಇಲ್ಲ ಎಂಬುದು ವೆಂಕಟಾಚಲರ ಕೊರಗು. ಬಂಗಲೆಯ ಗೋಡೆಗೆ ನಾಲ್ಕು ದೊಡ್ಡ ಫೋಟೋ ಹಾಕಿಸಬೇಕೆಂದು ಅವರು ಗೊತ್ತು ಮಾಡಿದರು. ಕೋಟೆಯ ಹತ್ತಿರದ ಶಿವಪ್ಪ ನಾಯಕನ ಅರಮನೆ, ತುಂಗೆ ಭದ್ರೆ ಸೇರುವ ಕೂಡ್ಲಿ, ಗಾಜನೂರಿನ ಅಣೆಕಟ್ಟು, ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನ. ಊರಿಗೆ ಹೊಸಬರಾದ್ದರಿಂದ ಅವರಿಗೆ ಉಜ್ಜನಪ್ಪನ ವಿಷಯ ಗೊತ್ತಿರಲಿಲ್ಲ. ಬೋರ್ಡು ನೋಡಿ ಮೆಟ್ಟಿಲು ಹತ್ತಿ ಬಂದಿದ್ದರು.

"ಒಂದೇ ಮಾತು ಉಜ್ಜನಪ್ಪನವರೇ," ಎಂದರು ಹೊರಡುವಾಗ. "ಫೋಟೋದಲ್ಲಿ ಜನ ಇರ್ಲಿ. ಬರೀ ಕಲ್ಲು ನೀರು ತೆಗೆದ್ರೆ ನೋಡಿದೋರಿಗೆ ಹೋಗ್ಬೇಕು ಅನ್ಸಲ್ಲ."

ತನ್ನನ್ನು ಒಬ್ಬರು ಉಜ್ಜನಪ್ಪನವರೇ ಎಂದು ಕರೆದದ್ದಕ್ಕೋ, ಜನ ಇರಲಿ ಎಂದದ್ದಕ್ಕೋ, ಆ ದಿನ ಅವನು ಅನ್ನಕ್ಕೆ ನೀರಿಡುವುದನ್ನೂ ಮರೆತ. ಕೋಟು ಒಗೆಸಿದ, ರುಮಾಲಿಗೆ ಗಂಜಿ ಹಾಕಿದ. ಬಜಾರಿನವರು ಯಾರ ಮನೇಲಿ ಎಂದು ಕೇಳಿದಾಗ, ಯಾರ ಮನೆಯೂ ಅಲ್ಲ, ಕೂಡ್ಲಿಗೆ ಎಂದು ಜೋರಾಗಿಯೇ ಹೇಳಿ ಬೀರಪ್ಪನ ಜಟಕಾ ಹತ್ತಿದ.

ಕೂಡ್ಲಿಯಲ್ಲಿ ಹೊಳೆಹೊನ್ನೂರಿನ ಕಡೆಯ ಒಂದು ಕುಟುಂಬ ಸಂಗಮದಲ್ಲಿ ಮಿಂದು, ಬುತ್ತಿ ಬಿಚ್ಚಿಕೊಂಡು ಕೂತಿತ್ತು. ಉಜ್ಜನಪ್ಪ ಅಳುಕುತ್ತಲೇ ಕೇಳಿದ. ಅವರು ಒಪ್ಪಿದ್ದಷ್ಟೇ ಅಲ್ಲ, ಸಂಭ್ರಮಪಟ್ಟರು. ಹೆಂಗಸರು ಸೆರಗು ಸರಿಮಾಡಿಕೊಂಡರು, ಗಂಡಸೊಬ್ಬ ಹೊಳೆಯ ನೀರಿನಲ್ಲೇ ಕ್ರಾಪು ತೀಡಿಕೊಂಡ. ಎರಡು ಹೊಳೆ ಒಂದಾಗುವ ಜಾಗ ಹಿಂದೆ ಕಾಣುವಂತೆ ಎಲ್ಲರೂ ನಿಂತರು. ಅವರ ಪೈಕಿ ಕಾಶಮ್ಮ ಎಂಬ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಅವನನ್ನೇ ದಿಟ್ಟಿಸಿದಳು.

"ನೀನು ನಮ್ಮನೆಗೆ ಬಂದಿದ್ದೆ ಅಲ್ವೇನಪ್ಪ? ನಮ್ಮ ಯಜಮಾನ್ರನ್ನ ಕೂರ್ಸಿದಾಗ?"

ಹೌದೆಂದ ಉಜ್ಜನಪ್ಪ. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ. ಮುದುಕಿ ಪ್ರೀತಿಯಿಂದಲೇ ಹೇಳಿದ್ದು. ಬಹಳ ಚೆನ್ನಾಗಿ ತೆಗೆದಿದ್ದೆ, ಈಗಲೂ ದಿನಾ ಹೂ ಏರಿಸುತ್ತೇವೆ ಎಂದಳು. ಆದರೆ ಅಷ್ಟರಲ್ಲಿ ಕ್ರಾಪಿನವನಿಗೆ ಬಸ್ಸಿನ ಹೊತ್ತು ನೆನಪಾಯಿತು. ಸೊಸೆಗೆ ಮಗು ಅತ್ತ ಹಾಗೆ ಕೇಳಿಸಿತು. ಒಬ್ಬೊಬ್ಬರಾಗಿ ಬುತ್ತಿಯ ಕಡೆ ನಡೆದರು. ನನ್ನೊಬ್ಬಳದ್ದು ಬೇಕಾದರೆ ತೆಗಿ, ನನಗಿನ್ನೇನಾಗಬೇಕು ಎಂದು ಕಾಶಮ್ಮ ನಿಂತೇ ಇದ್ದಳು. ಮಕ್ಕಳು ಬಂದು ಅವಳ ರಟ್ಟೆ ಹಿಡಿದು ಕರೆದೊಯ್ದರು. ಉಜ್ಜನಪ್ಪ ಬರೀ ಹೊಳೆಯ ಫೋಟೋ ತೆಗೆದುಕೊಂಡು ಬಂದ.

ಅರಮನೆಯ ಹತ್ತಿರವಂತೂ ಕೇಳುವುದೇ ಬೇಡ, ಕೋಟೆಯ ಬೀದಿಯಲ್ಲಿ ಅವನನ್ನು ಕಾಣದವರಿಲ್ಲ. ಸ್ಟ್ಯಾಂಡು ಊರುವಷ್ಟರಲ್ಲಿ ಜಗಲಿಗಳೆಲ್ಲ ಬರಿದಾದವು. ಗಾಜನೂರಿನಲ್ಲಿ ನಾಲ್ಕು ಜನ ನಿಂತಿದ್ದರು. ಅವರ ಹತ್ತಿರ ಬೀರಪ್ಪನೇ ಬೀಡಿಗೆ ಬೆಂಕಿ ಕೇಳಲು ಹೋಗಿ ತನ್ನ ಸವಾರಿ ಯಾರೆಂದು ಕೊಚ್ಚಿಕೊಂಡುಬಿಟ್ಟ, ಅವರೂ ಜಾಗ ಖಾಲಿ ಮಾಡಿದರು. ಕೆಟ್ಟ ಬುದ್ಧಿಯಿಂದಲ್ಲ, ಅವನಿಗೆ ಅದೊಂದು ದೊಡ್ಡಸ್ತಿಕೆಯ ವಿಷಯ.

ವೆಂಕಟಾಚಲ ಮೂರು ಫೋಟೋಗಳನ್ನೂ ಮೇಜಿನ ಮೇಲೆ ಹರವಿ ಬಹಳ ಹೊತ್ತು ನೋಡಿದರು. ಚೆನ್ನಾಗಿದೆ ಎಂದರು. ಆದರೆ ಪ್ಲೇಗಿನ ಕಾಲದಲ್ಲಿ ಜನ ಊರು ಖಾಲಿ ಮಾಡಿ ಹೋದ ಹಾಗಿದೆಯಲ್ಲ, ಜನ ಎಲ್ಲಿ ಎಂದು ಕೇಳಿದರು. ಜನ ಸಿಗಲಿಲ್ಲ ಸ್ವಾಮಿ ಎಂದು ಉಜ್ಜನಪ್ಪ ತಲೆ ತಗ್ಗಿಸಿದ. ಇಷ್ಟು ಜನರಿರುವ ಜಿಲ್ಲೆಯಲ್ಲಿ ಜನ ಸಿಗದ್ದು ಹೇಗೆಂದು ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ತೆಗೆದುಕೊಂಡು ಬನ್ನಿ ಎಂದರು.

ಉಳಿದದ್ದು ಭದ್ರಾವತಿ. ಅಲ್ಲಿ ಅವನಿಗೆ ತನ್ನವರಿದ್ದರು. ತಂಗಿ ಕಲ್ಲಮ್ಮ, ಅವಳ ಗಂಡ ಮುರುಗೇಶಪ್ಪ, ಮಗಳು ಜಗದಾಂಬಾ. ಮುರುಗೇಶಪ್ಪನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ, ನ್ಯೂ ಟೌನಿನಲ್ಲಿ ಮನೆ. ಕ್ಯಾಮೆರಾ ಇಲ್ಲದೆ ಎಷ್ಟೋ ಭಾನುವಾರ ಉಜ್ಜನಪ್ಪ ರೈಲು ಹತ್ತಿ ಅಲ್ಲಿಗೆ ಹೋಗಿ ಉಂಡು ಬಂದಿದ್ದ. ಈ ಸಲ ಕ್ಯಾಮೆರಾ ಹೊತ್ತುಕೊಂಡೇ ಹೋದ.

ಕಲ್ಲಮ್ಮ ಕೇಳಿದ ಕೂಡಲೇ ಆಗುವುದಿಲ್ಲ ಎಂದಳು. ಅಣ್ಣನೆಂದರೆ ಅವಳಿಗೆ ಜೀವ, ಅವನ ತಟ್ಟೆಗೆ ರೊಟ್ಟಿ ಹಾಕುವಾಗ ಎಷ್ಟು ಬೇಕೆಂದು ಕೇಳುತ್ತಿರಲಿಲ್ಲ. ಆದರೆ ಜಗದಾಂಬಾಗೆ ಶಿಕಾರಿಪುರದ ಕಡೆಯ ಗಂಡು ನೋಡಿಕೊಂಡು ಹೋಗಿದ್ದರು, ಮಾತುಕತೆ ನಡೆಯುತ್ತಿತ್ತು. ಮದುವೆ ಆಗಬೇಕಾದ ಹುಡುಗಿಯನ್ನು ಆ ಡಬ್ಬದ ಮುಂದೆ ನಿಲ್ಲಿಸುವುದೇ? ಮುರುಗೇಶಪ್ಪ ನಕ್ಕುಬಿಟ್ಟ. ದಿನಾ ಕುಲುಮೆಯ ಬಾಯಿ ಮುಂದೆ ನಿಂತು ಮನೆಗೆ ಬರುತ್ತೇನೆ, ಭಾವನ ಡಬ್ಬದ ಮುಂದೆ ನಿಂತರೆ ಸಾಯುತ್ತೇನಾ ಎಂದ. ಗಂಡ ಹೆಂಡತಿ ವಾದ ಮುಗಿಸುವಷ್ಟರಲ್ಲಿ ಜಗದಾಂಬಾ ಸೀರೆ ಬದಲಾಯಿಸಿಕೊಂಡು ಹೊರಗೆ ಬಂದು ನಿಂತಿದ್ದಳು. ಕಲ್ಲಮ್ಮ ಗೊಣಗುತ್ತಲೇ ಚಪ್ಪಲಿ ಮೆಟ್ಟಿದಳು.

ಹಳೇ ಊರಿನ ದೇವಸ್ಥಾನದ ಮೇಲೆ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು. ಮೂಲೆ ಮೂಲೆಯಾಗಿ ಕತ್ತರಿಸಿದ ಆ ಎತ್ತರದ ಕಲ್ಲಿನ ಜಗತಿಯ ಮೇಲೆ ಮೂವರನ್ನೂ ಕೂರಿಸಿದ, ಗೋಡೆಯ ಕೆತ್ತನೆ ಹಿಂದೆ ಕಾಣುವ ಹಾಗೆ. ಆಮೇಲೆ ಮಾತಿಲ್ಲದೆ ಒಬ್ಬೊಬ್ಬರ ಹತ್ತಿರವೂ ಹೋದ. ಮುರುಗೇಶಪ್ಪನ ಭುಜ ಅದುಮಿ ಹಿಂದಕ್ಕೆ ಒರಗಿಸಿದ. ಜಗದಾಂಬಾಳ ಗಲ್ಲವನ್ನು ಎರಡು ಬೆರಳಿನಿಂದ ಎತ್ತಿ ಬೆಳಕಿಗೆ ತಿರುಗಿಸಿದ, ಹಣೆಯ ಮೇಲೆ ಹರಡಿದ್ದ ವಿಭೂತಿಯ ಅಂಚನ್ನು ಬೆರಳಿನಿಂದ ಒರೆಸಿದ, ಕೈಗಳನ್ನು ತಂದು ತೊಡೆಯ ಮೇಲಿಟ್ಟ. ಹಾಗೆ ತಿರುಗು, ಹೀಗೆ ಕೂರು ಎಂದು ಹೇಳಿದರೆ ಕೇಳುವ ಜನರೊಂದಿಗೆ ಕೆಲಸ ಮಾಡುವ ಅಭ್ಯಾಸ ಅವನಿಗೆ ತಪ್ಪಿಹೋಗಿತ್ತು.

ಜಗದಾಂಬಾಗೆ ಕಚಗುಳಿಯಾಯಿತು. ಮಾವ, ಹೇಳಿದರೆ ನಾನೇ ತಿರುಗುತ್ತೇನೆ ಎಂದು ನಕ್ಕಳು. ಕಲ್ಲಮ್ಮ ನಗಲಿಲ್ಲ. ಅಣ್ಣನ ಕೈಗಳನ್ನೇ ನೋಡುತ್ತಿದ್ದಳು.

ಉಜ್ಜನಪ್ಪ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ. ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ಮೂವರೂ ತಲೆಕೆಳಗಾಗಿ ಮೂಡಿದರು. ಮುರುಗೇಶಪ್ಪ ಮೀಸೆ ತಿರುವಿಕೊಳ್ಳುತ್ತಿದ್ದ, ಹುಡುಗಿ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದಳು. ಆ ಗಾಜಿನ ಮೇಲೆ ನಗುವ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಬಟ್ಟೆಯಿಂದ ಹೊರಗೆ ಬಂದು ಫೋಟೋ ಮೂಡುವ ಪ್ಲೇಟು ಕೂರಿಸಿದ, ಲೆನ್ಸಿನ ಮುಚ್ಚಳಕ್ಕೆ ಕೈ ಹಾಕಿದ. ಸಂತೋಷದಲ್ಲಿ ಮೈಮರೆತಿದ್ದ. ಇಷ್ಟು ವರ್ಷ ಪ್ರತಿಯೊಂದು ಮನೆಯಲ್ಲೂ ಮುಚ್ಚಳ ತೆಗೆಯುವ ಮುಂಚೆ ಹೇಳುತ್ತಿದ್ದ ಮಾತು ತಾನಾಗಿಯೇ ಬಾಯಿಗೆ ಬಂತು.

"ಯಾರೂ ಅಳಬೇಡಿ. ಒಂದು ಗಳಿಗೆ ತಡ್ಕೊಳ್ಳಿ."

ಮುರುಗೇಶಪ್ಪನ ಕೈ ಮೀಸೆಯ ಮೇಲೆಯೇ ನಿಂತಿತು. ಕಲ್ಲಮ್ಮ ಎದ್ದಳು. ಮಗಳ ಕೈ ಹಿಡಿದು ಎಬ್ಬಿಸಿದಳು, ಜಗತಿಯ ಮೆಟ್ಟಿಲು ಇಳಿದಳು. ಉಜ್ಜನಪ್ಪನ ಹತ್ತಿರ ಬಂದಾಗ ನಿಂತಳು. ಅವಳ ಕಣ್ಣಲ್ಲಿ ನೀರಿತ್ತು.

"ಅಣ್ಣ, ನೀನು ಬಾ, ಉಣ್ಣು, ಬೇಕಾದಷ್ಟು ದಿನ ಇರು. ಅದನ್ನ ಮಾತ್ರ ಇನ್ನು ನಮ್ಮನೆಗೆ ತರಬೇಡ."

ಜಗದಾಂಬಾ ದೇವಸ್ಥಾನದ ಬಾಗಿಲು ದಾಟುವವರೆಗೂ ಹಿಂದಿರುಗಿ ನೋಡುತ್ತಲೇ ಹೋದಳು. ಮುರುಗೇಶಪ್ಪ ಭಾವನ ಭುಜದ ಮೇಲೆ ಕೈಯಿಟ್ಟು, ಶಿಫ್ಟಿಗೆ ಹೊತ್ತಾಯಿತೆಂದು ಹೊರಟ. ಆ ದಿನ ಅವನಿಗೆ ಶಿಫ್ಟು ಇರಲಿಲ್ಲ. ಉಜ್ಜನಪ್ಪ ಸ್ಟ್ಯಾಂಡು ಮಡಚದೆ ಮಧ್ಯಾಹ್ನದವರೆಗೆ ಅಲ್ಲೇ ಕಲ್ಲಿನ ಮೇಲೆ ಕೂತಿದ್ದ.

ಅಂದಿನಿಂದ ಯಾರನ್ನೂ ನಿಲ್ಲಿ ಎಂದು ಕೇಳುವ ಬಾಯಿ ಅವನಿಗೆ ಉಳಿಯಲಿಲ್ಲ. ಕೇಳಿದ್ದರೆ ಭದ್ರಾವತಿಯಲ್ಲಿ ಕಾರ್ಖಾನೆಗೆಂದು ಬಂದ, ಅವನ ಗುರುತಿಲ್ಲದ ತಮಿಳರೋ ತೆಲುಗರೋ ನಿಲ್ಲುತ್ತಿದ್ದರು. ಆದರೆ ತನ್ನ ನಾಲಿಗೆಯ ಮೇಲೆಯೇ ಅವನಿಗೆ ನಂಬಿಕೆ ಹೋಗಿತ್ತು. ಇತ್ತ ವೆಂಕಟಾಚಲರ ಕಡೆಯಿಂದ ಹೇಳಿಕಳಿಸಿದ ಮೇಲೆ ಹೇಳಿಕಳಿಸುವುದು ನಡೆದಿತ್ತು. ಕಡೆಗೆ ಉಜ್ಜನಪ್ಪ ಬೀರಪ್ಪನನ್ನು ಕರೆದು, ನೀನಾದರೂ ನಿಲ್ಲು ಎಂದ.

ಬೀರಪ್ಪ ಪ್ರಾಮಾಣಿಕ. ಡಬ್ಬದ ಹಿಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇನೆ, ಮುಂದೆ ಮಾತ್ರ ಬೇಡ ಸ್ವಾಮಿ, ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ ಎಂದ. ಹಾಗಾದರೆ ಹಿಂದೆಯೇ ನಿಲ್ಲು ಎಂದ ಉಜ್ಜನಪ್ಪ.

ಹೀಗೆ ಅವನು ಮತ್ತೊಮ್ಮೆ ನಾಲ್ಕೂ ಕಡೆ ಹೋದ. ಎಲ್ಲ ಹೊಂದಿಸಿಟ್ಟು, ಮುಚ್ಚಳ ಯಾವಾಗ ತೆಗೆಯಬೇಕು ಯಾವಾಗ ಹಾಕಬೇಕು ಎಂದು ಬೀರಪ್ಪನಿಗೆ ಕಲಿಸಿ, ತಾನೇ ಹೋಗಿ ಕ್ಯಾಮೆರಾದ ಮುಂದೆ ನಿಂತ. ಗಂಜಿ ಹಾಕಿದ ರುಮಾಲು, ಗುಂಡಿ ಹಾಕಿದ ಕೋಟು, ಪಕ್ಕಕ್ಕೆ ಇಳಿಬಿಟ್ಟ ಕೈ. ಕೂಡ್ಲಿಯ ನೀರಿನ ಅಂಚಿನಲ್ಲಿ ನಿಂತ, ಅರಮನೆಯ ಮರದ ಕಂಬದ ಪಕ್ಕದಲ್ಲಿ ನಿಂತ, ಅಣೆಕಟ್ಟಿನ ಮೇಲೆ ನಿಂತ. ಭದ್ರಾವತಿಗೆ ಬೀರಪ್ಪ ಕುದುರೆಯನ್ನು ತಮ್ಮನಿಗೆ ಒಪ್ಪಿಸಿ ರೈಲಿನಲ್ಲಿ ಬಂದ, ದಾರಿಯುದ್ದಕ್ಕೂ ಕಿಟಕಿ ಬಿಟ್ಟು ಕದಲಲಿಲ್ಲ. ಅಲ್ಲಿ ಉಜ್ಜನಪ್ಪ ಜಗತಿಯ ಮೇಲೆ ಮೂವರು ಕೂತಿದ್ದ ಜಾಗದಲ್ಲೇ ಹೋಗಿ ನಿಂತ. ನಗಬೇಕೆಂದುಕೊಂಡಿದ್ದ. ಬೀರಪ್ಪ ಮುಚ್ಚಳ ತೆಗೆಯುವ ಹೊತ್ತಿಗೆ ನಗು ಬರಲಿಲ್ಲ.

ವೆಂಕಟಾಚಲ ಈ ಸಲ ಒಪ್ಪಿಕೊಂಡರು. ಜನ ಅಂದರೆ ಒಬ್ಬರನ್ನೇ ಎಲ್ಲ ಕಡೆ ನಿಲ್ಲಿಸಿದ್ದೀರಲ್ಲ ಎಂದು ನಕ್ಕರು. ದೂರದಿಂದ ತೆಗೆದದ್ದು, ಮುಖ ಗುರುತು ಸಿಗುವಂತಿರಲಿಲ್ಲ. ಇವರು ಯಾರು ಎಂದು ಕೇಳಿದಾಗ ಉಜ್ಜನಪ್ಪ, ನಮ್ಮ ಕಡೆಯವರೇ ಸ್ವಾಮಿ ಎಂದಷ್ಟೇ ಹೇಳಿದ.

ನಾಲ್ಕೂ ಫೋಟೋಗಳು ಕಟ್ಟು ಹಾಕಿಸಿಕೊಂಡು ಬಂಗಲೆಯ ಊಟದ ಕೋಣೆಯ ಗೋಡೆ ಏರಿದವು. ಅಲ್ಲಿ ಅಡುಗೆ ಮಾಡುವ ಪುಟ್ಟಣ್ಣ ಬಜಾರಿಗೆ ತರಕಾರಿಗೆ ಬಂದಾಗಲೆಲ್ಲ ಮೆಟ್ಟಿಲು ಹತ್ತಿ ಬಂದು ಯಾರು ಏನೆಂದರು ಎಂದು ವರದಿ ಒಪ್ಪಿಸುತ್ತಿದ್ದ. ಯಾರೋ ಒಬ್ಬರು ಈತ ದೊಡ್ಡ ಜಮೀನ್ದಾರನಿರಬೇಕು, ಕೆಲಸವಿಲ್ಲದೆ ಊರೂರು ಸುತ್ತುತ್ತಾನೆ ಎಂದರಂತೆ. ಬೆಂಗಳೂರಿನ ಕಡೆಯ ಒಬ್ಬ ಹೆಂಗಸು, ಇಷ್ಟೆಲ್ಲ ನೋಡಲು ಹೋದವನು ಹೆಂಡತಿಯನ್ನು ಒಂದು ಕಡೆಗಾದರೂ ಕರೆದುಕೊಂಡು ಹೋಗಬಾರದಿತ್ತೇ ಎಂದು ಬೈದಳಂತೆ. ಉಜ್ಜನಪ್ಪ ಅದನ್ನು ಕೇಳಿ ಬಹಳ ನಕ್ಕ. ಪುಟ್ಟಣ್ಣ ಹೋದ ಮೇಲೆ ಆ ಹೆಂಗಸು ಬೈದದ್ದನ್ನೇ ನೆನೆಯುತ್ತ ಕೂತ. ಬೈಯುವುದಕ್ಕಾದರೂ ತನಗೊಬ್ಬ ಹೆಂಡತಿಯನ್ನು ಕೊಟ್ಟಳಲ್ಲ ಎನಿಸಿತು.

ಮುಂದಿನ ವರ್ಷ ಜಗದಾಂಬಾಳ ಮದುವೆ ಆ ಶಿಕಾರಿಪುರದ ಗಂಡಿನ ಜೊತೆಗೇ ಆಯಿತು. ಓಂಕಾರಪ್ಪ ಎಂದು ಹೆಸರು, ಸರ್ಕಾರಿ ನೌಕರಿ. ಸೋದರಮಾವನಾಗಿ ಉಜ್ಜನಪ್ಪ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತಂದ. ದಾವಣಗೆರೆಯಿಂದ ಬಂದಿದ್ದ ಫೋಟೋದವನು ಎಲ್ಲರನ್ನೂ ಸಾಲಾಗಿ ಕೂರಿಸಿ ಸೋದರಮಾವ ಎಲ್ಲಿ ಎಂದು ಕೂಗಿದಾಗ, ಉಜ್ಜನಪ್ಪ ತನಗರಿವಿಲ್ಲದೆ ಆ ಕ್ಯಾಮೆರಾದ ಹಿಂದೆ ಹೋಗಿ ನಿಂತಿದ್ದ. ಮುಂದೆ ಬರಲು ಸಂಕೋಚವಾಯಿತು. ತಡವಾಯಿತೆಂದು ಅವರು ಅವನಿಲ್ಲದೆಯೇ ತೆಗೆಸಿಕೊಂಡರು.

ಮತ್ತೆ ಒಂದೂವರೆ ವರ್ಷ ಕಳೆದಿರಬಹುದು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಇಬ್ಬರು ನಿಧಾನವಾಗಿ ಹತ್ತುವ ಸದ್ದಾಯಿತು. ಜಗದಾಂಬಾ, ಹಿಂದೆ ಓಂಕಾರಪ್ಪ. ಅವಳಿಗೆ ತುಂಬು ದಿನ ಹತ್ತಿರವಾಗಿತ್ತು, ಮೊದಲ ಹೆರಿಗೆಗೆ ತವರಿಗೆ ಹೊರಟಿದ್ದಳು. ಶಿಕಾರಿಪುರದ ಬಸ್ಸಿಳಿದು, ಭದ್ರಾವತಿಯ ರೈಲಿಗೆ ಹೊತ್ತಿದ್ದುದರಿಂದ ಗಂಡನ ನೌಕರಿಯ ಗುರುತಿನಲ್ಲಿ ಬಂಗಲೆಯಲ್ಲೇ ಊಟಕ್ಕೆ ಕೂತಿದ್ದರು.

"ಮಾವ, ಅಲ್ಲಿ ಗೋಡೆ ಮೇಲೆ ನೋಡ್ದೆ," ಎಂದಳು ಏದುಸಿರು ಬಿಡುತ್ತ. "ರುಮಾಲು ಕೋಟು ನೋಡೇ ಗುರುತು ಸಿಕ್ತು. ನಾಲ್ಕರಲ್ಲೂ ನೀವೊಬ್ರೇ ನಿಂತಿದೀರಿ. ಭದ್ರಾವತೀದ್ರಲ್ಲಿ ನಾವಿರ್ಬೇಕಿತ್ತು. ಎದ್ದು ಬಂದ್ಬಿಟ್ವಿ."

ಅವನು ಅದಕ್ಕೇನು ಬಿಡು ಎಂದ. ಅವಳು ಬಿಡಲಿಲ್ಲ. ಈಗ ತೆಗೆಯಿರಿ, ಇವರೂ ನಾನೂ ಕೂರುತ್ತೇವೆ, ಅವ್ವನಿಗೆ ನಾನು ಹೇಳಿಕೊಳ್ಳುತ್ತೇನೆ ಎಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. ಓಂಕಾರಪ್ಪ ನಗುತ್ತ ಅವಳ ಪಕ್ಕ ಬಂದು ನಿಂತ. ಯಾರೂ ಕರೆಯದೆ, ಯಾರೂ ಬೇಡಿಕೊಳ್ಳದೆ, ಬದುಕಿರುವ ಇಬ್ಬರು ಬಂದು ನಿಂತಿದ್ದರು.

ಉಜ್ಜನಪ್ಪ ಸ್ಟ್ಯಾಂಡು ಬಿಚ್ಚಿದ. ಮುಟ್ಟದೆ, ಬಾಯಲ್ಲೇ ಹೇಳಿ ಅವಳ ಮುಖ ಕಿಟಕಿಯ ಕಡೆ ತಿರುಗಿಸಿದ. ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ. ಗಾಜಿನ ಮೇಲೆ ಹಸಿರು ಬಳೆ ತೊಟ್ಟ ಕೈಗಳು ಕಂಡವು, ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ಅವಳದೇ ವಯಸ್ಸಿನ, ಅಷ್ಟೇ ಹಸಿರು ಬಳೆ ತೊಟ್ಟ ಎಷ್ಟು ಹುಡುಗಿಯರನ್ನು ಇದೇ ಗಾಜಿನ ಮೇಲೆ ನೋಡಿದ್ದ. ಮೊದಲ ಹೆರಿಗೆಯಲ್ಲೇ ಹೋದವರು, ಹಾರ ಹಾಕಿ ಗೋಡೆಗೆ ಒರಗಿಸಿ ಕೂರಿಸಿದವರು. ಊರಿನವರ ಮೂಢನಂಬಿಕೆಗೆ ಜೀವನವೆಲ್ಲ ಒಳಗೊಳಗೇ ಉರಿದುಕೊಂಡು ಬಂದ ಮನುಷ್ಯ ಅವನು. ಹೊರಗೆ ಬಂದು ಮುಚ್ಚಳದ ಮೇಲೆ ಕೈಯಿಟ್ಟ. ಕೈ ಅಲ್ಲೇ ಉಳಿಯಿತು.

ಪ್ಲೇಟು ಮುಗಿದುಹೋಗಿದೆ ಕಣವ್ವ ಎಂದ. ಜಗದಾಂಬಾ ಗೂಡಿನಲ್ಲಿ ಸೀಲು ಒಡೆಯದೆ ಇದ್ದ ಪ್ಲೇಟಿನ ಪೆಟ್ಟಿಗೆ ನೋಡಿದಳು, ಅವನ ಮುಖ ನೋಡಿದಳು.

"ಮಾವ, ನಾನೇನೂ ಹೆದ್ರಲ್ಲ."

"ನಾನು ಹೆದರ್ತೀನಿ ಕಣವ್ವ," ಎಂದ ಉಜ್ಜನಪ್ಪ.

ಆಮೇಲೆ ಅವಳನ್ನು ಕೈ ಹಿಡಿದು ಮೆಲ್ಲಗೆ ಮೆಟ್ಟಿಲಿಳಿಸಿದ. ಬಜಾರಿನ ಆ ತುದಿಯಲ್ಲಿ ಹೊಸದಾಗಿ ಇನ್ನೊಂದು ಸ್ಟುಡಿಯೋ ಆಗಿತ್ತು. ಇಬ್ಬರನ್ನೂ ತಾನೇ ಅಲ್ಲಿಗೆ ಕರೆದುಕೊಂಡು ಹೋಗಿ, ಚೆನ್ನಾಗಿ ತೆಗೆದುಕೊಡು ಎಂದು ಆ ಹುಡುಗನಿಗೆ ಹೇಳಿ, ಒಳಗೆ ಬಿಟ್ಟು ಬಂದ.